ಬಜೆಟ್ ವಿಮಾನದ ಏಳು ‘ಪಿ’ಗಳು: ನಿಮ್ಮ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

‘ಅಗ್ಗದ ದರದ ವಿಮಾನಯಾನ ಸಂಸ್ಥೆಯ ಮಾರುಕಟ್ಟೆ ತಂತ್ರ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಸ್ವಚ್ಛವಾಗಿದೆ, ಹುಡುಕಿದರೂ ಕಾಗುಣಿತದ ತಪ್ಪು ಸಿಗಲಿಲ್ಲ. ನಮ್ಮ ಮೇಜಿಗೆ ಬರುವ ಬರಹಗಳಲ್ಲಿ ಅದು ಅಪರೂಪ. ಆದರೆ ‘ವಿಮಾನ’ ಎಂದಿರುವ ಕಡೆಯಲ್ಲೆಲ್ಲ ‘ಸಾಬೂನು’ ಎಂದು ಹಾಕಿದರೂ ನಿಮ್ಮ ಲೇಖನದ ಮುಕ್ಕಾಲು ಪಾಲು ಅಲುಗಾಡದೆ ನಿಲ್ಲುತ್ತದೆ. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಒಂದು ಕಾಲ್ಪನಿಕ ಸಂಸ್ಥೆಯನ್ನು ಇಟ್ಟುಕೊಂಡು ಏಳು ಉಪಶೀರ್ಷಿಕೆ ಹಾಕಿ, ಒಂದೊಂದಕ್ಕೆ ಒಂದೊಂದು ಪುಟ ಕೊಟ್ಟಿದ್ದೀರಿ. ಮಾರುಕಟ್ಟೆ ಶಾಸ್ತ್ರದ ಮೆಕಾರ್ಥಿ 1960ರಲ್ಲಿ ನಾಲ್ಕು ‘ಪಿ’ಗಳನ್ನು (ಇಂಗ್ಲಿಷಿನಲ್ಲಿ ‘ಪಿ’ ಅಕ್ಷರದಿಂದ ಶುರುವಾಗುವ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ) ಹೇಳಿದ್ದು, ಬೂಮ್ಸ್ ಮತ್ತು ಬಿಟ್ನರ್ 1981ರಲ್ಲಿ ಸೇವಾ ಉದ್ಯಮಕ್ಕಾಗಿ ಇನ್ನೂ ಮೂರನ್ನು (ಜನ, ಪ್ರಕ್ರಿಯೆ, ಭೌತಿಕ ಸಾಕ್ಷ್ಯ) ಸೇರಿಸಿದ್ದು, ಎಲ್ಲ ಸರಿಯಾಗಿಯೇ ಇದೆ. ಆಮೇಲೆ ಏನಾಯಿತು ನೋಡಿ. ‘ಉತ್ಪನ್ನ’ದಡಿ ಉಚಿತ ಊಟ, ಅಗಲವಾದ ಸೀಟು. ‘ಬೆಲೆ’ಯಡಿ ಎಲ್ಲರಿಗಿಂತ ಕಡಿಮೆ ದರ. ‘ಸ್ಥಳ’ದಡಿ ಮಹಾನಗರದ ಮುಖ್ಯ ನಿಲ್ದಾಣ, ಜೊತೆಗೆ ಏಜೆಂಟರ ದೊಡ್ಡ ಜಾಲ. ಬಿಡಿಬಿಡಿಯಾಗಿ ಓದಿದರೆ ಯಾವುದೂ ತಪ್ಪಲ್ಲ. ಒಟ್ಟಿಗೆ ಇಟ್ಟರೆ ಕಂಪನಿ ಬಾಗಿಲು ಹಾಕುತ್ತದೆ. ಮೂರನೇ ಪುಟದಲ್ಲಿ ಬಡಿಸಿದ ಊಟದ ಖರ್ಚನ್ನು ನಾಲ್ಕನೇ ಪುಟದ ದರ ಎಲ್ಲಿಂದ ತರಬೇಕು?

ಈ ಉದ್ಯಮದಲ್ಲಿ ಏಳೂ ‘ಪಿ’ಗಳು ಒಂದು ಗಡಿಯಾರದ ಮುಂದೆ ಬಂದು ನಿಲ್ಲುತ್ತವೆ. ವಿಮಾನ ಇಳಿದು ಮತ್ತೆ ಹೊರಡುವ ತನಕ ನೆಲದ ಮೇಲೆ ಎಷ್ಟು ಹೊತ್ತು ನಿಂತಿತು ಎಂಬ ಗಡಿಯಾರ. ಅಮೆರಿಕದ ಬಜೆಟ್ ಸಂಸ್ಥೆ ಸೌತ್‌ವೆಸ್ಟ್ 1971ರಲ್ಲಿ ಹಾರಾಟ ಶುರುಮಾಡಿತು. ಮರುವರ್ಷವೇ ಕೈ ಖಾಲಿಯಾಗಿ, ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ವೇಳಾಪಟ್ಟಿಯನ್ನು ಕೈಬಿಡಲಿಲ್ಲ. ನಿಲ್ದಾಣದಲ್ಲಿ ವಿಮಾನವನ್ನು ಹತ್ತೇ ನಿಮಿಷದಲ್ಲಿ ತಿರುಗಿಸಿ ಕಳಿಸಲು ಕಲಿತು, ನಾಲ್ಕರ ಕೆಲಸವನ್ನು ಮೂರರಿಂದ ತೆಗೆಯಿತು. ಊಟ ಕೊಡದಿದ್ದರೆ ಟ್ರಾಲಿ ಏರಿಸಿ ಇಳಿಸುವ ಕೆಲಸವಿಲ್ಲ. ಸೀಟು ನಂಬರ್ ಇಲ್ಲದಿದ್ದರೆ ಜನ ಬೇಗ ಬಂದು ಸಿಕ್ಕಲ್ಲಿ ಕೂರುತ್ತಾರೆ. ವಿಮಾನಗಳೆಲ್ಲ ಬೋಯಿಂಗ್ 737 ಎಂಬ ಒಂದೇ ಮಾದರಿಯವಾಗಿದ್ದರೆ ಪೈಲಟ್ ತರಬೇತಿ, ಬಿಡಿಭಾಗ, ಮೆಕ್ಯಾನಿಕ್ ಎಲ್ಲಕ್ಕೂ ಒಂದೇ ಲೆಕ್ಕ. ಇಲ್ಲಿ ಉತ್ಪನ್ನ ಎಲ್ಲಿ ಮುಗಿಯಿತು, ಪ್ರಕ್ರಿಯೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ನಿಮಗೆ ಆಗುತ್ತದೆಯೇ? ನನಗಂತೂ ಆಗುವುದಿಲ್ಲ.

‘ಭೌತಿಕ ಸಾಕ್ಷ್ಯ’ದ, ಅಂದರೆ ಗ್ರಾಹಕರ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಕೆಳಗೆ ನೀವು ‘ಆಕರ್ಷಕ ಸಮವಸ್ತ್ರ ಮತ್ತು ಸುಂದರ ಒಳಾಂಗಣ’ ಎಂದು ಬರೆದು ಮುಗಿಸಿದ್ದೀರಿ. ಐರ್ಲೆಂಡಿನ ಬಜೆಟ್ ಸಂಸ್ಥೆ ರಯಾನ್‌ಏರ್‌ನ ಸೀಟನ್ನು ಗಮನಿಸಿ. ಹಿಂದಕ್ಕೆ ವಾಲುವುದಿಲ್ಲ. ಎದುರಿನ ಸೀಟಿನ ಬೆನ್ನಿಗೆ ಜೇಬಿಲ್ಲ. ಸುರಕ್ಷತಾ ಸೂಚನೆಯನ್ನು ಅಲ್ಲೇ ಕಣ್ಣೆದುರಿಗೆ ಅಂಟಿಸಿರುತ್ತಾರೆ. ಜೇಬಿಲ್ಲದ ಮೇಲೆ ಅದರೊಳಗೆ ಕಸ ತುರುಕುವ ಹಾಗಿಲ್ಲ. ಕಸವಿಲ್ಲದಿದ್ದರೆ ಗುಡಿಸುವ ಹೊತ್ತು ಉಳಿಯಿತು. ವಾಲದ ಸೀಟಿನಲ್ಲಿ ಕೆಟ್ಟುಹೋಗುವ ಭಾಗಗಳೂ ಕಡಿಮೆ. ಇಂಥದ್ದೊಂದು ಪ್ಯಾರಾ ನಿಮ್ಮ ಆ ಇಡೀ ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನು ಬೆಲೆ. ‘ಸಂಸ್ಥೆಯು ಕಡಿಮೆ ದರ ನೀತಿಯನ್ನು ಅನುಸರಿಸತಕ್ಕದ್ದು’ ಎಂದಿದ್ದೀರಿ. ಕಡಿಮೆ, ಯಾರಿಗೆ? ಯಾವಾಗ? ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿಗೆ ಕಾಸಿನ ಬೆಲೆಯಿಲ್ಲ, ಅದನ್ನು ನಾಳೆಗೆ ಎತ್ತಿಡಲೂ ಆಗದು. ಅದಕ್ಕೇ ಸೀಟು ತುಂಬುತ್ತ ಹೋದಂತೆ ದರ ಮೆಟ್ಟಿಲು ಹತ್ತುತ್ತದೆ, ಅಕ್ಕಪಕ್ಕ ಕೂತವರು ಬೇರೆ ಬೇರೆ ದುಡ್ಡು ಕೊಟ್ಟಿರುತ್ತಾರೆ. ನಿಮ್ಮ ‘ಗುರಿ ಗ್ರಾಹಕರು’ ಪಟ್ಟಿಯಲ್ಲಿ ವಿದ್ಯಾರ್ಥಿಗಳು, ಮಧ್ಯಮ ವರ್ಗ, ಉದ್ಯಮಿಗಳು, ಗೃಹಿಣಿಯರು, ಹಿರಿಯ ನಾಗರಿಕರು ಇದ್ದಾರೆ. ಹೊರಗುಳಿದವರು ಕೈಗೂಸುಗಳು ಮಾತ್ರ!

1973ರಲ್ಲಿ ಬ್ರಾನಿಫ್ ಎಂಬ ದೊಡ್ಡ ಸಂಸ್ಥೆ ಡಲಾಸ್–ಹ್ಯೂಸ್ಟನ್ ಮಾರ್ಗದ ದರವನ್ನು ಅರ್ಧಕ್ಕಿಳಿಸಿ 13 ಡಾಲರ್ ಮಾಡಿತು. ಎಳೆಯ ಸೌತ್‌ವೆಸ್ಟ್ ಅನ್ನು ಮುಗಿಸಿಬಿಡುವ ಲೆಕ್ಕಾಚಾರ. ಸೌತ್‌ವೆಸ್ಟ್ ಪ್ರಯಾಣಿಕರ ಮುಂದೆ ಎರಡು ದಾರಿ ಇಟ್ಟಿತು: ಬೇಕಿದ್ದರೆ 13 ಡಾಲರ್ ಕೊಡಿ, ಇಲ್ಲವೇ ಪೂರ್ತಿ 26 ಕೊಟ್ಟು ಒಂದು ಬಾಟಲಿ ಒಳ್ಳೆಯ ಮದ್ಯವನ್ನು ಉಚಿತವಾಗಿ ಒಯ್ಯಿರಿ. ಬಹುಪಾಲು ಜನ 26 ಡಾಲರನ್ನೇ ಕೊಟ್ಟರು. ಅವರಲ್ಲಿ ಹೆಚ್ಚಿನವರು ಕೆಲಸದ ಮೇಲೆ ಓಡಾಡುವವರು. ಟಿಕೆಟಿನ ದುಡ್ಡು ಕಂಪನಿಯದು, ಬಾಟಲಿ ತಮ್ಮದು. ಗ್ರಾಹಕ ವಿಂಗಡಣೆ ಎಂದು ನೀವು ಒಂದೂವರೆ ಪುಟ ಬರೆದಿದ್ದೀರಲ್ಲ, ಅದು ಕೆಲಸ ಮಾಡುವುದು ಹೀಗೆ. ವಯಸ್ಸು, ಆದಾಯಗಳ ಕೋಷ್ಟಕದಲ್ಲಿ ಈ ಪ್ರಯಾಣಿಕ ನಿಮಗೆ ಸಿಗುತ್ತಿರಲಿಲ್ಲ.

ಲಗೇಜು, ಸೀಟಿನ ಆಯ್ಕೆ, ಮೊದಲು ಹತ್ತುವ ಅವಕಾಶ ಇವುಗಳಿಂದ ಬರುವ ಹಣದ ಬಗ್ಗೆ ಇಡೀ ಲೇಖನದಲ್ಲಿ ಒಂದು ಸಾಲೂ ಇಲ್ಲ. ಇದು ದೊಡ್ಡ ಕೊರತೆ. ಕೆಲವು ಬಜೆಟ್ ಸಂಸ್ಥೆಗಳ ಆದಾಯದಲ್ಲಿ 40 ಶೇಕಡಕ್ಕೂ ಹೆಚ್ಚು ಬರುವುದು ಇಂಥವುಗಳಿಂದಲೇ. ಬ್ಯಾಗಿಗೆ ಶುಲ್ಕ ಹಾಕಿದರೆ ದುಡ್ಡು ಬರುವುದು ಒಂದು ಕಡೆಯಾದರೆ, ಜನ ಕಡಿಮೆ ಬ್ಯಾಗು ತರುತ್ತಾರೆ, ವಿಮಾನದ ಹೊಟ್ಟೆ ತುಂಬುವ ಕೆಲಸ ಬೇಗ ಮುಗಿಯುತ್ತದೆ. ಮತ್ತೆ ಅದೇ ಗಡಿಯಾರ. ಇದಕ್ಕೆ ಕಡಿವಾಣವೂ ಇದೆ: ಟಿಕೆಟ್ ಜಾಹೀರಾತಿನಲ್ಲಿ ತೆರಿಗೆ, ಕಡ್ಡಾಯ ಶುಲ್ಕ ಎಲ್ಲ ಸೇರಿದ ಅಂತಿಮ ದರವನ್ನೇ ತೋರಿಸಬೇಕೆಂದು ಯುರೋಪಿಯನ್ ಒಕ್ಕೂಟ 2008ರಲ್ಲೇ ನಿಯಮ ಮಾಡಿದೆ. ಜಿಪುಣತನಕ್ಕೂ ಮಿತಿಯುಂಟು. 2013ರಲ್ಲಿ ಲಾಭ ಅಂದುಕೊಂಡಷ್ಟು ಬರುವುದಿಲ್ಲವೆಂದು ಎರಡು ಸಲ ಎಚ್ಚರಿಕೆ ಕೊಡಬೇಕಾಗಿ ಬಂದಾಗ ರಯಾನ್‌ಏರ್ ತನ್ನ ಪಟ್ಟು ಸಡಿಲಿಸಿ, ಕೈಯಲ್ಲಿ ಎರಡನೆಯ ಸಣ್ಣ ಚೀಲಕ್ಕೆ ಅವಕಾಶ ಕೊಟ್ಟಿತು, ಸೀಟು ನಂಬರ್ ಶುರುಮಾಡಿತು. ‘ಗ್ರಾಹಕ ತೃಪ್ತಿಯೇ ಪರಮ ಗುರಿ’ ಎಂಬ ನಿಮ್ಮ ವಾಕ್ಯದ ಜಾಗದಲ್ಲಿ ಈ ಪ್ರಸಂಗ ಇರಬೇಕಿತ್ತು.

ಪ್ರಚಾರದ ಪುಟದಲ್ಲಿ ಟಿವಿ, ಪತ್ರಿಕೆ, ಸಾಮಾಜಿಕ ಜಾಲತಾಣ ಎಂಬ ಪಟ್ಟಿ ಬಿಟ್ಟರೆ ಬೇರೇನಿಲ್ಲ. ಬ್ರಿಟನ್ನಿನ ಬಜೆಟ್ ಸಂಸ್ಥೆ ಈಸಿಜೆಟ್ 1995ರಲ್ಲಿ ಶುರುವಾದಾಗ ಬುಕಿಂಗ್ ಫೋನ್ ನಂಬರನ್ನು ವಿಮಾನದ ಮೈಮೇಲೇ ದೊಡ್ಡ ಕಿತ್ತಳೆ ಅಂಕಿಗಳಲ್ಲಿ ಬರೆಸಿತ್ತು. ಏಜೆಂಟರ ಕಮಿಷನ್ನೂ ಉಳಿಯಿತು, ಜಾಹೀರಾತೂ ಆಯಿತು.

ಮತ್ತೆ ಬರೆಯುವುದಾದರೆ ಕಾಲ್ಪನಿಕ ಸಂಸ್ಥೆಯನ್ನು ಬಿಡಿ. ಅಮೆರಿಕದ ಡೆಲ್ಟಾದ ‘ಸಾಂಗ್’ (2003–2006), ಯುನೈಟೆಡ್‌ನ ‘ಟೆಡ್’ (2004–2009) ಇವುಗಳಲ್ಲಿ ಒಂದನ್ನು ಹಿಡಿಯಿರಿ. ದೊಡ್ಡ ಸಂಸ್ಥೆಗಳು ತಮ್ಮೊಳಗೇ ಹುಟ್ಟುಹಾಕಿದ ಬಜೆಟ್ ವಿಮಾನಗಳು ಇವು: ಹೆಸರು, ಬಣ್ಣ, ಜಾಹೀರಾತು ಹೊಸದು, ಖರ್ಚಿನ ಹೊರೆ ಬಹುಮಟ್ಟಿಗೆ ಹಳೆಯದು. ಏಳು ‘ಪಿ’ಗಳಲ್ಲಿ ಒಂದೆರಡನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಹೆಜ್ಜೆಹೆಜ್ಜೆಗೂ ತೋರಿಸಬಹುದು. ಉಪಶೀರ್ಷಿಕೆ ಬೇಡ. ಕೊನೆಯ ಸ್ವಾಟ್ (ಬಲ, ದೌರ್ಬಲ್ಯ, ಅವಕಾಶ, ಅಪಾಯ) ಕೋಷ್ಟಕವಂತೂ ಬೇಡವೇ ಬೇಡ.

ಐದನೇ ಪುಟದಲ್ಲಿ, ತಿಂಗಳ ಮುಂಚೆ ಬುಕ್ ಮಾಡಿದವನು ರದ್ದುಮಾಡುವ ಹಕ್ಕನ್ನು ಬಿಟ್ಟುಕೊಟ್ಟು ಅಗ್ಗದ ಟಿಕೆಟ್ ಕೊಳ್ಳುತ್ತಾನೆ ಎಂದು ಬರೆದಿದ್ದೀರಿ. ಆ ನಾಲ್ಕು ಸಾಲು ನಿಮ್ಮದೇ ಯೋಚನೆ, ಓದಿದರೆ ಗೊತ್ತಾಗುತ್ತದೆ. ಅದನ್ನು ಉಳಿಸಿಕೊಂಡು, ನಾಲ್ಕು ಪುಟದೊಳಗೆ ಬರೆದು ಕಳಿಸಿ. ಓದುತ್ತೇನೆ.

— ಸಂಪಾದಕ