ಸಿಇಟಿ ಅಂಕ 75 ದಾಟುತ್ತಿಲ್ಲ, ಕೋಚಿಂಗ್‌ಗೆ ಹೋಗಲೇಬೇಕಾ?

ಸೆಕೆಂಡ್ ಪಿಯು ಓದುತ್ತಿದ್ದೀರಿ, ಸಾಗರದ ಕಡೆಯವರು, ಎಷ್ಟು ಓದಿದರೂ ಮಾಕ್ ಟೆಸ್ಟ್‌ನಲ್ಲಿ 180ಕ್ಕೆ 75 ದಾಟುತ್ತಿಲ್ಲ, ಕಾಲೇಜು ಬಿಟ್ಟು ಮಂಗಳೂರಿಗೆ ಕೋಚಿಂಗ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಈಗ ಹೋಗಬೇಡಿ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಸಿಇಟಿ, ಇನ್ನರ್ಧ ಪಿಯು ಬೋರ್ಡ್ ಅಂಕ. ಪರೀಕ್ಷೆ ಹತ್ತಿರ ಬಂದಾಗ ಕಾಲೇಜು ಬಿಟ್ಟರೆ ಆ ಅರ್ಧಕ್ಕೇ ಪೆಟ್ಟು ಬೀಳುತ್ತದೆ.

ನಂದು ಹೊಸನಗರದ ಹತ್ತಿರದ ಹಳ್ಳಿ. ಶಿವಮೊಗ್ಗದಲ್ಲಿ ರೂಮ್ ಮಾಡಿಕೊಂಡು ಪಿಯು ಓದಿದೆ. ಮೊದಲ ಸಲ ಸಿಇಟಿಯಲ್ಲಿ 71 ಬಂತು. ಮರುವರ್ಷ ಮನೆಯಲ್ಲೇ ಕೂತು ಮತ್ತೆ ಬರೆದೆ, 119 ಬಂತು. ಹೊಸ ಪುಸ್ತಕ ಒಂದನ್ನೂ ಕೊಂಡಿರಲಿಲ್ಲ. ಬದಲಾಗಿದ್ದು ಒಂದೇ, ಓದುವುದಕ್ಕಿಂತ ಜಾಸ್ತಿ ಹೊತ್ತು ನನ್ನ ತಪ್ಪುಗಳನ್ನೇ ನೋಡಿದೆ.

ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಫಿಸಿಕ್ಸ್ ಒಂದು ಪೇಪರ್ ತೆಗೆದುಕೊಂಡು ಗಡಿಯಾರ ಇಟ್ಟುಕೊಂಡು 80 ನಿಮಿಷಕ್ಕೆ ಬರೆದೆ. 60ರಲ್ಲಿ 27 ತಪ್ಪು. ಒಂದೊಂದನ್ನೂ ಕೂತು ನೋಡಿದರೆ 11 ನಿಜವಾಗಿ ಗೊತ್ತಿಲ್ಲದವು, 9 ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದವು, ಉಳಿದ 7 ಪ್ರಶ್ನೆಯನ್ನೇ ಸರಿಯಾಗಿ ಓದದೆ ಹೋದವು. ‘ಇವುಗಳಲ್ಲಿ ಸರಿಯಲ್ಲದ್ದು ಯಾವುದು’ ಅಂತ ಕೇಳಿದ್ದರೆ ನಾನು ಸರಿಯಾದದ್ದಕ್ಕೆ ಗುರುತು ಹಾಕಿದ್ದೆ! ಅಂದರೆ 16 ಅಂಕ ಓದದೇ ಇದ್ದದ್ದಕ್ಕೆ ಹೋಗಿದ್ದಲ್ಲ. ಅದು ಗೊತ್ತಾದ ದಿನ ನನಗೆ ಎಷ್ಟು ಧೈರ್ಯ ಬಂತು ಅಂದರೆ, ಅದಕ್ಕೇ ನಿಮಗೂ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು 200 ಪುಟದ ನೋಟ್‌ಬುಕ್ ಇಡಿ. ತಪ್ಪಿದ ಪ್ರಶ್ನೆಗೆ ಒಂದೇ ಸಾಲು, ‘ನಾನು ಹೀಗೆ ಅಂದುಕೊಂಡೆ, ಅದು ಹೀಗಲ್ಲ’ ಅಂತ. ಉತ್ತರವನ್ನು ಸುಮ್ನೆ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಕೊಯ್ಲಿನ ಸಮಯದಲ್ಲಿ ರಾತ್ರಿ ಎಲ್ಲರೂ ಅಡಿಕೆ ಸುಲಿಯುತ್ತಾ ಕೂತಿದ್ದರೆ ನಾನು ಪಕ್ಕದಲ್ಲಿ ಇದನ್ನೇ ಜೋರಾಗಿ ಓದುತ್ತಿದ್ದೆ, ಕರೆಂಟ್ ಹೋದರೆ ಚಾರ್ಜರ್ ಲೈಟ್ ಹಚ್ಚಿಕೊಂಡು. ಹದಿನೈದು ದಿನಕ್ಕೊಮ್ಮೆ ಅದೇ ಪ್ರಶ್ನೆಗಳನ್ನು ಮತ್ತೆ ಬಿಡಿಸುತ್ತಿದ್ದೆ. ಕೆಮಿಸ್ಟ್ರಿಯಲ್ಲಿ ತಪ್ಪಿದ್ದು ಬಹಳಷ್ಟು ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳಲ್ಲೇ ಇತ್ತು, ಹಾಗಾಗಿ ಗೈಡ್ ಬದಿಗಿಟ್ಟು ಪುಸ್ತಕ ಓದಿ. ಫಸ್ಟ್ ಪಿಯು ಪಾಠಗಳಿಂದಲೂ ಕೇಳುತ್ತಾರೆ, ಅದನ್ನು ಮರೆತರೆ ಕಷ್ಟ.

ತುಂಬಾ ಹಳೆಯ ಪೇಪರ್ ಮಾಡುವಾಗ ಸ್ವಲ್ಪ ಹುಷಾರು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ ಥರದ ಪಾಠಗಳು ಈಗಿನ ಪುಸ್ತಕದಲ್ಲಿಲ್ಲ. 2024ರಲ್ಲಿ ಸಿಲೆಬಸ್ ಹೊರಗಿನ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಥವು ತಪ್ಪಾದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಪರೀಕ್ಷೆ ಕೋಣೆಯ ವಿಷಯ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ಸ್ ಇಲ್ಲ. ನೀಟ್, ಜೆಇಇ ಮಾತು ಕೇಳಿ ಕೇಳಿ ಇಲ್ಲೂ ಇರುತ್ತದೆ ಅಂತ ನಂಬಿ, ಮೊದಲ ಸಲ ಗಣಿತದಲ್ಲಿ 18 ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದೆ. ಇವತ್ತಿಗೂ ಸಂಕಟವಾಗುತ್ತದೆ. ಒಂದನ್ನೂ ಖಾಲಿ ಬಿಡಬೇಡಿ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್ ಮಾತ್ರ, ಆದ್ದರಿಂದ ಗಣಿತದಲ್ಲಿ ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಹೊಳೆಯುವುದನ್ನಷ್ಟೇ ಮಾಡಿ, ಉದ್ದದ ಲೆಕ್ಕಕ್ಕೆ ಎರಡನೇ ಸುತ್ತಿನಲ್ಲಿ ಬನ್ನಿ. ಓಎಂಆರ್, ಅಂದರೆ ಉತ್ತರದ ವೃತ್ತ ತುಂಬುವ ಹಾಳೆ, ಅದನ್ನು ಶೇಡ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಮನೆಯಲ್ಲೂ ಖಾಲಿ ಓಎಂಆರ್ ಪ್ರಿಂಟ್ ಹಾಕಿಸಿಕೊಂಡು ಪೆನ್ನಿನಲ್ಲೇ ಅಭ್ಯಾಸ ಮಾಡಿ.

ಹಾಗೇ ಭಾನುವಾರ ಬೆಳಗ್ಗೆ ಹತ್ತೂವರೆಗೆ ಒಂದು ಪೇಪರ್, ಮಧ್ಯಾಹ್ನ ಎರಡೂವರೆಗೆ ಇನ್ನೊಂದು ಬರೆಯಿರಿ. ಒಂದೇ ದಿನ ಎರಡು ಪರೀಕ್ಷೆ ಇರುತ್ತದಲ್ವಾ, ಊಟ ಆದ ಮೇಲೆ ತಲೆ ಓಡಬೇಕು ಅಂದರೆ ಅದಕ್ಕೂ ರೂಢಿ ಬೇಕು.

ಈ ಭಾನುವಾರ ಫಿಸಿಕ್ಸ್‌ನಿಂದಲೇ ಶುರು ಮಾಡಿ. ಗೊತ್ತಿಲ್ಲದ್ದು, ಲೆಕ್ಕ ತಪ್ಪಿದ್ದು, ಸರಿಯಾಗಿ ಓದದ್ದು ಎಷ್ಟೆಷ್ಟು ಬಂತು ಅಂತ ಕೆಳಗೆ ಬರೆಯಿರಿ. ಅದನ್ನು ನೋಡಿ ಮೊದಲು ಯಾವ ಪಾಠ ಹಿಡಿಯಬೇಕು ಅಂತ ಹೇಳುತ್ತೇನೆ.