ರೈಫಲ್‌ನ ಕಾರ್ಬನ್ ಕೆರೆಯಲು ಬೇರೆ ಉಪಕರಣ ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಎಆರ್-15 ಮಾದರಿಯ ರೈಫಲ್ ಇದೆ, ಪ್ರತಿ ಸಲ ಗುಂಡು ಹಾರಿಸಿ ಬಂದ ಮೇಲೆ ಬೋಲ್ಟಿನ (ತೋಟೆಯನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಉಕ್ಕಿನ ತುಂಡು) ಹಿಂಬದಿಗೆ ಕಚ್ಚಿಕೊಂಡ ಕಾರ್ಬನ್, ಅಂದರೆ ಮದ್ದಿನ ಮಸಿ, ತೆಗೆಯುವುದರಲ್ಲೇ ಒಂದು ಗಂಟೆ ಹೋಗುತ್ತದೆ, ಅದನ್ನು ಕೆರೆಯಲೆಂದೇ ಮಾಡಿದ ಉಪಕರಣ ಕೊಂಡರೆ ಕೆಲಸ ಹಗುರಾಗುತ್ತದೆಯೇ?

ಹಗುರಾಗುತ್ತದೆ. ನನ್ನ ಬಳಿಯೂ ಅಂಥದ್ದೊಂದು ಇದೆ, ಬಳಸುತ್ತೇನೆ. ಆದರೆ ಅದು ಹಗುರ ಮಾಡುವ ಕೆಲಸದ ಬಹುಪಾಲು ಮಾಡದಿದ್ದರೂ ನಡೆಯುವಂಥದ್ದು. ಮಾಡಲೇಬೇಕಾದ ಜಾಗಗಳಿಗೆ ಆ ಉಪಕರಣ ಹೋಗುವುದೂ ಇಲ್ಲ, ಹೋಗಲೂಬಾರದು. ಇಷ್ಟು ತಿಳಿಯಲು ನಾನು ಒಂದು ಬೋಲ್ಟಿನ ಅಂದ ಕೆಡಿಸಿಕೊಳ್ಳಬೇಕಾಯಿತು.

ಮೊದಲು ಆ ಕಾರ್ಬನ್ ಅಲ್ಲಿಗೆ ಬರುವ ದಾರಿ ನೋಡಿ. ಅಮೆರಿಕದ ಬಂದೂಕು ವಿನ್ಯಾಸಕಾರ ಯೂಜೀನ್ ಸ್ಟೋನರ್ ರೂಪಿಸಿದ ಈ ವ್ಯವಸ್ಥೆಯಲ್ಲಿ ನಳಿಗೆಯ ಒಂದು ಸಣ್ಣ ರಂಧ್ರದಿಂದ ಹೊರಟ ಬಿಸಿ ಅನಿಲ ತೆಳುವಾದ ಕೊಳವೆಯಲ್ಲಿ ಹಿಂದಕ್ಕೆ ಹರಿದು ನೇರವಾಗಿ, ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಓಡುವ ಬೋಲ್ಟ್ ಕ್ಯಾರಿಯರ್‌ನ ಹೊಟ್ಟೆಗೆ ನುಗ್ಗುತ್ತದೆ. ಅಲ್ಲಿ ಬೋಲ್ಟೇ ಪಿಸ್ಟನ್, ಕ್ಯಾರಿಯರೇ ಸಿಲಿಂಡರ್. ಬೋಲ್ಟಿನ ಮೈಮೇಲಿರುವ ಮೂರು ತೆಳು ಉಂಗುರಗಳು ಅನಿಲ ಸೋರದಂತೆ ತಡೆಯುತ್ತವೆ. ಉಂಗುರಗಳ ಹಿಂದೆ ಬೋಲ್ಟ್ ಇಳಿಜಾರಾಗಿ ಸಪೂರಗೊಂಡು ಬಾಲವಾಗುತ್ತದೆ. ಅನಿಲ ಬಂದು ಬಡಿಯುವುದು ಆ ಇಳಿಜಾರಿಗೆ, ಮಸಿ ಕೂರುವುದೂ ಅಲ್ಲೇ. ಹಾಗಾಗಿ ಉಪಕರಣ ಮಾಡುವವರೆಲ್ಲ ಗುರಿಯಿಡುವುದು ಮೂರು ಜಾಗಗಳಿಗೆ: ಬೋಲ್ಟಿನ ಬಾಲ, ಅದಕ್ಕೆ ಎದುರಾಗಿ ಕ್ಯಾರಿಯರ್‌ನ ಒಳಗೋಡೆ, ಮತ್ತು ತೋಟೆಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ನಿನ ಕೊರಳು. ಓಟಿಸ್ ಕಂಪನಿಯ ‘ಬೋನ್’ ಎಂಬ ಉಪಕರಣವಾಗಲಿ, ಹತ್ತು ಅಲಗುಗಳ ಮಡಚುಕತ್ತಿಯಂಥವಾಗಲಿ, ತತ್ವ ಒಂದೇ: ಭಾಗದ ಆಕಾರಕ್ಕೆ ಸರಿಹೊಂದುವ ಅಂಚು, ತಿರುಗಿಸಿದರೆ ಕೆರೆಯುತ್ತದೆ.

ನಾನು ಮೊದಲು ಕೊಂಡದ್ದು ಗಟ್ಟಿ ಉಕ್ಕಿನದು. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದೆ, ಕಪ್ಪು ಪುಡಿ ಉದುರಿತು, ಉತ್ಸಾಹ ಏರಿತು. ಇನ್ನೂ ಸ್ವಲ್ಪ ಕಪ್ಪು ಉಳಿದಿದೆಯಲ್ಲ ಎಂದು ಉಪಕರಣವನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದೆ. ಬಾಲ ಬೆಳ್ಳಗೆ ಫಳಫಳ ಹೊಳೆಯತೊಡಗಿದಾಗ ಗೆದ್ದೆ ಎಂದುಕೊಂಡೆ. ಹೊಳೆದದ್ದು ಶುಚಿತ್ವವಲ್ಲ, ಬರಿಯ ಉಕ್ಕು. ಬೋಲ್ಟಿನ ಮೇಲೆ ತುಕ್ಕು ತಡೆಯಲೆಂದು ಇರುವ ಬೂದು ಬಣ್ಣದ ಫಾಸ್ಫೇಟ್ ಲೇಪವನ್ನೇ ನಾನು ಹೆರೆದು ತೆಗೆದಿದ್ದೆ. ಮಳೆಗಾಲದಲ್ಲಿ ನೋಡಿದರೆ ಅದೇ ಜಾಗದಲ್ಲಿ ಕೆಂಪು ಚುಕ್ಕೆಗಳು. ಸಾಲದೆಂಬಂತೆ ಅಲಗು ಒಂದು ಉಂಗುರದ ಅಂಚಿಗೂ ತಾಗಿ ಅದನ್ನು ಸೊಟ್ಟ ಮಾಡಿತ್ತು. ಉಂಗುರದ ಬೆಲೆ ಅಲ್ಪ, ನಾಚಿಕೆಯ ಬೆಲೆ ಹೆಚ್ಚು.

ಆ ಮೇಲೆ ನಾನು ಕೇಳಿಕೊಂಡ ಪ್ರಶ್ನೆ, ಆ ಬಾಲ ಹೊಳೆಯಲೇಬೇಕೇ? ಬೇಕಿಲ್ಲ. ಆ ಇಳಿಜಾರಿನ ಸುತ್ತ ಖಾಲಿ ಜಾಗವಿದೆ. ನನ್ನ ಅನುಭವದಲ್ಲಿ ಅಲ್ಲಿನ ಪದರ ಒಂದು ಮಟ್ಟಕ್ಕೆ ದಪ್ಪವಾಗಿ ಅಲ್ಲಿಗೇ ನಿಲ್ಲುತ್ತದೆ, ಬೋಲ್ಟಿನ ಓಡಾಟಕ್ಕೆ ಅಡ್ಡಬರುವುದಿಲ್ಲ. ಅಮೆರಿಕದ ತರಬೇತುದಾರ ಪ್ಯಾಟ್ ರೋಜರ್ಸ್ ತಮ್ಮ ತರಗತಿಗಳಲ್ಲಿ ಬಳಸುತ್ತಿದ್ದ, ‘ಫಿಲ್ತಿ 14’ ಎಂದೇ ಹೆಸರಾದ, ಇದೇ ಮಾದರಿಯ ಒಂದು ಕಾರ್ಬೈನ್ (ಗಿಡ್ಡ ರೈಫಲ್) 30,000ಕ್ಕೂ ಹೆಚ್ಚು ಗುಂಡು ಹಾರಿಸಿತ್ತು. ಅಷ್ಟರಲ್ಲಿ ಅದನ್ನು ಶುಚಿ ಮಾಡಿದ್ದು ಒಂದೇ ಒಂದು ಬಾರಿ. ಇದನ್ನು ಸೋಮಾರಿತನಕ್ಕೆ ಪರವಾನಗಿ ಎಂದು ಓದಬೇಡಿ. ಎಣ್ಣೆಯ ವಿಷಯದಲ್ಲಿ ಅವರು ಕೈ ಬಿಗಿ ಹಿಡಿದವರಲ್ಲ, ಸವೆದ ಭಾಗಗಳನ್ನೂ ಬದಲಿಸುತ್ತಿದ್ದರು. ಒಣಗಿದ ಬೋಲ್ಟ್ ಎಷ್ಟು ಶುಚಿಯಾಗಿದ್ದರೂ ತಿಣುಕುತ್ತದೆ. ಎಣ್ಣೆಯಲ್ಲಿ ತೊಯ್ದ ಕೊಳಕು ಬೋಲ್ಟ್ ಓಡುತ್ತಲೇ ಇರುತ್ತದೆ.

ಬಾಲದ ಮೇಲೆ ಕಣ್ಣಿಟ್ಟು ತಲೆ ಕೆಡಿಸಿಕೊಳ್ಳುವ ಬದಲು ಉಂಗುರಗಳನ್ನು ಪರೀಕ್ಷಿಸಿ. ಬೋಲ್ಟನ್ನು ಕ್ಯಾರಿಯರ್‌ನಿಂದ ಪೂರ್ತಿ ಮುಂದಕ್ಕೆಳೆದು, ಬೋಲ್ಟಿನ ಮುಖ ಕೆಳಗೆ ಬರುವಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ಯಾರಿಯರ್ ಹಾಗೇ ನಿಂತರೆ ಉಂಗುರಗಳಲ್ಲಿ ಜೀವವಿದೆ. ತನ್ನ ಭಾರಕ್ಕೆ ತಾನೇ ಜಾರಿ ಕುಸಿದರೆ ಉಂಗುರ ಬದಲಿಸುವ ಹೊತ್ತು. ಈ ಅರ್ಧ ನಿಮಿಷದ ಪರೀಕ್ಷೆ ಅರ್ಧ ಗಂಟೆಯ ಕೆರೆತಕ್ಕಿಂತ ಹೆಚ್ಚು ಹೇಳುತ್ತದೆ.

ಹಾಗಾದರೆ ಶುಚಿ ಮಾಡದಿದ್ದರೂ ಆದೀತೇ ಎಂದರೆ, ಅದಕ್ಕೂ ಇದೇ ರೈಫಲ್‌ನ ಚರಿತ್ರೆಯಲ್ಲಿ ಉತ್ತರವಿದೆ. 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ಎಆರ್-15ರ ಸೈನಿಕ ರೂಪವಾದ ಎಂ16 ಕೈಕೊಟ್ಟ ಕಥೆ ನೀವು ಕೇಳಿರಬಹುದು. ಶುಚಿ ಮಾಡುವ ಅಗತ್ಯವೇ ಇಲ್ಲದ ಬಂದೂಕು ಎಂಬ ನಂಬಿಕೆ ಹಬ್ಬಿತ್ತು, ಸೈನಿಕರಿಗೆ ಶುಚಿ ಸಾಮಗ್ರಿ ಸಾಕಷ್ಟು ಸಿಗಲಿಲ್ಲ, ತೋಟೆಯೊಳಗಿನ ಮದ್ದನ್ನು ಬದಲಿಸಿದ್ದರಿಂದ ಕೊಳೆ ಹೆಚ್ಚಿತು. 1967ರಲ್ಲಿ ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ ಇದನ್ನೆಲ್ಲ ತನಿಖೆ ಮಾಡಿತು. ಆದರೆ ಅಲ್ಲಿನ ದೊಡ್ಡ ತೊಂದರೆ ಹಾರಿದ ತೋಟೆಯ ಕೋಶ, ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಚೇಂಬರ್‌ನಲ್ಲೇ ಸಿಕ್ಕಿಕೊಂಡು ಹೊರಬಾರದೆ ಇದ್ದದ್ದು. ತೇವದ ಹವೆಯಲ್ಲಿ ಚೇಂಬರ್ ತುಕ್ಕು ಹಿಡಿದು ಒರಟಾಗುತ್ತಿತ್ತು. ಕ್ರೋಮ್ ಲೇಪಿಸಿದ ಚೇಂಬರ್ ಬಂದದ್ದು ಅದಕ್ಕೆ ಪರಿಹಾರವಾಗಿ. ಅಂದರೆ ಪ್ರಾಣಕ್ಕೆ ಕುತ್ತು ತಂದ ಜಾಗ ಬೋಲ್ಟಿನ ಬಾಲವಲ್ಲ, ಚೇಂಬರ್. ನೀವು ಕೊಳ್ಳಹೊರಟ ಉಪಕರಣ ಅಲ್ಲಿಗೆ ತಲುಪುವುದಿಲ್ಲ. ಅಲ್ಲಿಗೆ ಬೇಕಾದದ್ದು ಚೇಂಬರ್ ಬ್ರಷ್. ಬೋಲ್ಟಿನ ಹಲ್ಲುಗಳು ಕಚ್ಚಿಕೊಳ್ಳುವ ಸಂದುಗಳನ್ನೂ ಚೇಂಬರನ್ನೂ ಒಟ್ಟಿಗೆ ಉಜ್ಜುವಂತೆ ಅದರ ಬುಡದಲ್ಲಿ ಅಗಲವಾದ ಬಿರುಗೂದಲು ಇರುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಕಣ್ಣು ಮುಚ್ಚಿಕೊಂಡು ಬ್ರಷ್ ಕೊಳ್ಳಿ.

ಈಗ ನಿಮ್ಮ ಒಂದು ಗಂಟೆಯ ವಿಷಯಕ್ಕೆ ಬರುತ್ತೇನೆ. ತಳ ಸೀದ ಪಾತ್ರೆಯನ್ನು ಯಾರೂ ಒಣಗಿದ್ದಾಗಲೇ ಕೆರೆಯಲು ಕೂರುವುದಿಲ್ಲ, ನೀರು ಹಾಕಿ ನೆನೆಯಲು ಬಿಡುತ್ತಾರೆ. ಬೋಲ್ಟನ್ನು ಮಾತ್ರ ನಾವೆಲ್ಲ ಒಣಗಿದ್ದಾಗಲೇ ಹಿಡಿದುಕೊಳ್ಳುತ್ತೇವೆ. ಕಾರ್ಬನ್ ಬಿಸಿಯಿದ್ದಾಗ ಮೆತ್ತಗಿರುತ್ತದೆ, ಆರಿದಂತೆ ಕಲ್ಲಾಗುತ್ತದೆ. ಅದಕ್ಕೇ ನಾನು ಶೂಟಿಂಗ್ ಮುಗಿದ ಕೂಡಲೇ, ರೈಫಲ್ ಖಾಲಿಯೆಂದು ಖಚಿತಪಡಿಸಿಕೊಂಡು, ಕ್ಯಾರಿಯರ್ ಹೊರತೆಗೆದು ಬೆಚ್ಚಗಿರುವಾಗಲೇ ಬಾಲದ ಮೇಲೆ ನಾಲ್ಕು ಹನಿ ಎಣ್ಣೆ ಬಿಡುತ್ತೇನೆ. ಮನೆಗೆ ಬಂದು ಬೋಲ್ಟನ್ನು ಬಿಚ್ಚಿ, ಔಷಧಿ ಬಾಟಲಿಯ ಅಗಲ ಮುಚ್ಚಳವೊಂದರಲ್ಲಿ ಕಾರ್ಬನ್ ಕರಗಿಸುವ ದ್ರಾವಣ ಸುರಿದು, ಬಾಲ ಮುಳುಗುವಂತೆ ನಿಲ್ಲಿಸಿ ನನ್ನ ಪಾಡಿಗೆ ಬೇರೆ ಕೆಲಸ ನೋಡುತ್ತೇನೆ. ಒಂದು ಗಂಟೆ ಬಿಟ್ಟು ಬಂದರೆ ದ್ರಾವಣ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಹಾರಿಸಿದ ತೋಟೆಯ ಖಾಲಿ ಕೋಶವೊಂದರ ಬಾಯನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟುಕೊಂಡಿದ್ದೇನೆ. ಅದರ ಅಂಚನ್ನು ಇಳಿಜಾರಿನ ಮೇಲೆ ಎಳೆದರೆ ಕಾರ್ಬನ್ ಪೆನ್ಸಿಲ್ ಸೀಸದ ಚೂರುಗಳಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೆತ್ತಗೆ. ಕೈ ತಪ್ಪಿದರೂ ಗೀರು ಬೀಳುವುದು ಹಿತ್ತಾಳೆಯ ಮೇಲೆಯೇ. ಕಂಚಿನ ಬ್ರಷ್ಷಿನಲ್ಲಿ ಹತ್ತು ಸಲ ಉಜ್ಜಿ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ನನ್ನ ಕೈ ಕೆಲಸ ಐದು ನಿಮಿಷ. ಉಪಕರಣ ಬಳಸಿದರೆ ಅದು ಎರಡಕ್ಕೆ ಇಳಿಯುತ್ತದೆ. ಉಳಿತಾಯ ಅಷ್ಟೇ.

ಕ್ಯಾರಿಯರ್‌ನ ಒಳಭಾಗದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಉಪಕರಣದ ಪರ. ಅಲ್ಲಿ ಬೆರಳು ಹೋಗುವುದಿಲ್ಲ, ಬಟ್ಟೆ ಸುತ್ತಿದ ಕಡ್ಡಿ ಮೂಲೆಗೆ ತಲುಪುವುದಿಲ್ಲ, ಬ್ರಷ್ ಜಾರುತ್ತದೆ. ಆಕಾರಕ್ಕೆ ತಕ್ಕ ಅಲಗನ್ನು ಒಳಗಿಳಿಸಿ ಮೂರು ಸುತ್ತು ತಿರುಗಿಸಿ ಬಿಳಿ ಬಟ್ಟೆಯ ಮೇಲೆ ತಟ್ಟಿದರೆ ಏನು ಬಂತೆಂದು ಕಣ್ಣಿಗೇ ಕಾಣುತ್ತದೆ. ಒಳಗೋಡೆಗೆ ಕ್ರೋಮ್ ಲೇಪವಿದ್ದರೆ ಗೀರಿನ ಭಯವೂ ಕಡಿಮೆ. ಆದರೆ ಕೆರೆದವರು ಅಲ್ಲಿಗೇ ನಿಲ್ಲಿಸುವುದನ್ನು ಬಹಳ ಕಂಡಿದ್ದೇನೆ. ಅಂಟಿಕೊಂಡ ಕಾರ್ಬನ್ ತನ್ನ ಪಾಡಿಗೆ ತಾನಿರುತ್ತದೆ, ಕಿತ್ತ ಕಾರ್ಬನ್ ಓಡಾಡುತ್ತದೆ. ಆ ಚೂರುಗಳು ಎಣ್ಣೆಯೊಡನೆ ಸೇರಿ ಉಜ್ಜುವ ಲೇಹ್ಯದಂತಾಗಿ ಉಂಗುರಗಳನ್ನು ಸವೆಸುತ್ತವೆ. ಕೆರೆದ ಮೇಲೆ ದ್ರಾವಣ ಸಿಂಪಡಿಸಿ ತೊಳೆದು, ಒರೆಸಿ, ಹೊಸ ಎಣ್ಣೆ ಹಾಕಲು ಪುರುಸೊತ್ತಿಲ್ಲವೆಂದರೆ ಕೆರೆಯಲೇಬೇಡಿ.

ಅನಿಲದ ಕೊಳವೆಯನ್ನು ಮುಟ್ಟಬೇಡಿ. ಅದರೊಳಗೆ ಏನಾದರೂ ತೂರಿಸಿದರೆ ಮುರಿದು ಅಲ್ಲೇ ಉಳಿಯುವ ಸಂಭವವೇ ಹೆಚ್ಚು. ಅನಿಲದ ರಭಸವೇ ಅದನ್ನು ಊದಿ ತೆರೆದಿಡುತ್ತದೆ.

ಎಕೆ ತರಹದ ಪಿಸ್ಟನ್ ರೈಫಲ್‌ಗಳಲ್ಲಿ ಕಾರ್ಬನ್ ಬೋಲ್ಟಿನವರೆಗೆ ಅಷ್ಟಾಗಿ ಬರುವುದಿಲ್ಲ, ಮುಂದೆ ಪಿಸ್ಟನ್ನಿನ ತಲೆಯ ಮೇಲೆಯೇ ಕೂರುತ್ತದೆ. ಅಲ್ಲಿಗೆ ಕಂಚಿನ ಬ್ರಷ್ ಮತ್ತು ನೆನೆಸುವ ತಾಳ್ಮೆ ಸಾಕು. ಎಫ್‌ಎಎಲ್‌ನಂತೆ ಅನಿಲದ ಪ್ರಮಾಣ ಹೊಂದಿಸುವ ತಿರುಪು ಇರುವ ರೈಫಲ್‌ಗಳಲ್ಲಿ ಆ ತಿರುಪು ಕಾರ್ಬನ್‌ನಿಂದ ಬಿಗಿದುಕೊಳ್ಳದಂತೆ ನೋಡಿಕೊಳ್ಳಿ.

ಕಾರ್ಬನ್ ನಿಜವಾಗಿ ಆಟ ಕೆಡಿಸುವುದು ನಿಖರ ಗುರಿಗಾಗಿ ಇರುವ, ಪ್ರತಿ ಸಲ ಕೈಯಿಂದ ಹಿಡಿ ಎಳೆದು ತೋಟೆ ತುಂಬುವ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳಲ್ಲಿ ಮತ್ತು .22 ಸ್ಪರ್ಧಾ ರೈಫಲ್‌ಗಳಲ್ಲಿ. ಚೇಂಬರ್ ಮುಗಿದು ನಳಿಗೆಯೊಳಗಿನ ತಿರುವುಗಳು (ಗುಂಡನ್ನು ಸುತ್ತಿಸುವ ಸುರುಳಿ ಗೀರುಗಳು) ಶುರುವಾಗುವ ಕಡೆ, ತೋಟೆಯ ಬಾಯಿಗೆ ಸ್ವಲ್ಪ ಮುಂದೆ, ಕಾರ್ಬನ್ ಉಂಗುರದಂತೆ ಗಟ್ಟಿಯಾಗುತ್ತದೆ. ಗುಂಡು ಹೊರಡುವಾಗಲೇ ಅದು ಕೊರಳು ಹಿಡಿದಂತೆ. ಒತ್ತಡ ಏರುತ್ತದೆ, ಬೋಲ್ಟಿನ ಹಿಡಿ ಎತ್ತಲು ಬಿಗಿಯಾಗುತ್ತದೆ, ನಿನ್ನೆಯವರೆಗೆ ಒಂದೇ ಕಡೆ ಬೀಳುತ್ತಿದ್ದ ಗುಂಡುಗಳು ಚದುರುತ್ತವೆ. ನಮ್ಮ ಗುಂಪಿನ ಒಬ್ಬರು ಇದೇ ಕಾರಣಕ್ಕೆ ದುರ್ಬೀನು ಬದಲಿಸಿದರು, ತೋಟೆ ಬದಲಿಸಿದರು, ಕೊನೆಗೆ ನಳಿಗೆಯನ್ನೇ ಬದಲಿಸುವ ಹಂತಕ್ಕೆ ಬಂದಿದ್ದರು. ಬೋರ್‌ಸ್ಕೋಪ್ (ನಳಿಗೆಯೊಳಗೆ ನೋಡುವ ಸಾಧನ) ಇಳಿಸಿ ನೋಡಿದರೆ ಚೇಂಬರ್ ತುದಿಯಲ್ಲಿ ಡಾಂಬರು ಬಳಿದಂತೆ ಒಂದು ಕಪ್ಪು ಪಟ್ಟಿ. ಅವರು ಎಷ್ಟೋ ತಿಂಗಳಿಂದ ಗುಂಡು ನಳಿಗೆಯಲ್ಲಿ ಬಿಟ್ಟುಹೋಗುವ ತಾಮ್ರ ತೆಗೆಯುವ ಅಮೋನಿಯಾ ದ್ರಾವಣವನ್ನೇ ಹಾಕುತ್ತಿದ್ದರು. ಅದು ಕಾರ್ಬನ್ನಿಗೆ ಏನೂ ಮಾಡುವುದಿಲ್ಲ. ಬಟ್ಟೆಯ ತುಂಡು ನೀಲಿಯಾಗಿ ಬಂದರೆ ತಾಮ್ರ, ಕಪ್ಪಾಗಿ ಬಂದರೆ ಕಾರ್ಬನ್. ಅಂದಹಾಗೆ ಅಮೋನಿಯಾದೊಡನೆ ಕಂಚಿನ ಬ್ರಷ್ ಬಳಸಿದರೆ ಬ್ರಷ್ಷೇ ನೀಲಿ ಬಿಡುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ.

ಆ ಉಂಗುರವನ್ನು ತೆಗೆಯಲು ಉಕ್ಕಿನ ಅಲಗು, ಸ್ಟೀಲ್ ಬ್ರಷ್ ಯಾವುದನ್ನೂ ಒಳಗಿಳಿಸಬೇಡಿ. ತಿರುವುಗಳ ಆರಂಭದ ಅಂಚಿಗೆ ಗೀರು ಬಿದ್ದರೆ ಅದನ್ನು ಸರಿಪಡಿಸುವ ಔಷಧಿ ಇಲ್ಲ. ಕಾರ್ಬನ್ನಿಗೆಂದೇ ಇರುವ ದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಆ ಜಾಗದಲ್ಲಿ ಕಾಲು ಗಂಟೆ ಕೂರಿಸಿ, ಅಳತೆಗೆ ಸರಿಯಾದ ಕಂಚು ಅಥವಾ ನೈಲಾನ್ ಬ್ರಷ್ಷನ್ನು ಹಿಂಬದಿಯಿಂದ ಗೈಡ್ (ಕಡ್ಡಿ ನೇರವಾಗಿ ಹೋಗುವಂತೆ ಮಾಡುವ ಕೊಳವೆ) ಹಾಕಿ ಒಳಬಿಟ್ಟು ಆ ಒಂದಿಂಚಿನಲ್ಲಿ ಮಾತ್ರ ತಿರುಗಿಸಿ, ಒರೆಸಿ ನೋಡಿ. ಮತ್ತೆ ಅದನ್ನೇ ಮಾಡಿ. ಮೂರು ನಾಲ್ಕು ಸಲ ಬೇಕಾಗಬಹುದು.

ಹಳೆಯ ಸೈನಿಕ ತೋಟೆಗಳನ್ನು ಹಾರಿಸುವವರಿಗೆ ಒಂದು ಮಾತು. ಅವುಗಳಲ್ಲಿ ಕೆಲವುಗಳ ಪ್ರೈಮರ್ (ತೋಟೆಯ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಭಾಗ) ಪೊಟ್ಯಾಸಿಯಂ ಕ್ಲೋರೇಟಿನದು, ಸಿಡಿದ ಮೇಲೆ ಉಳಿಯುವುದು ಉಪ್ಪು. ಉಪ್ಪನ್ನು ಕೆರೆಯಲಾಗದು, ಎಣ್ಣೆಯಲ್ಲಿ ಕರಗಿಸಲೂ ಆಗದು. ಮೊದಲು ಬಿಸಿನೀರು, ಆಮೇಲೆ ಒಣಗಿಸಿ ಎಣ್ಣೆ.

ಕೆಲಸಕ್ಕೆ ಕೂರುವ ಮುನ್ನ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ತೋಟೆಗಳನ್ನು ಆ ಕೋಣೆಯಿಂದಲೇ ಆಚೆ ಇಡಿ. ಉದುರುವ ಕಪ್ಪು ಪುಡಿಯಲ್ಲಿ ಪ್ರೈಮರ್‌ನ ಸೀಸವೂ ಇರುತ್ತದೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಪುಡಿಯನ್ನು ಬಾಯಿಂದ ಊದಬೇಡಿ, ಮುಗಿಸಿ ಸೋಪು ಹಾಕಿ ಕೈ ತೊಳೆಯಿರಿ. ಉಪಕರಣವನ್ನು ಅಡುಗೆಮನೆಯ ಮೇಜಿನ ಮೇಲೆ ಬಳಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಇಷ್ಟು ಓದಿಯೂ ಕೊಳ್ಳುವ ಮನಸ್ಸಿದ್ದರೆ ಕೊಳ್ಳಿ, ತಪ್ಪೇನಿಲ್ಲ. ಸೈಲೆನ್ಸರ್ ಹಾಕಿ ಹಾರಿಸುವವರಾದರೆ ಖಂಡಿತ ಕೊಳ್ಳಿ. ಅದು ಅನಿಲವನ್ನು ಹಿಂದಕ್ಕೆ ತಳ್ಳುವುದರಿಂದ ಕ್ಯಾರಿಯರ್‌ನೊಳಗಿನ ಕೊಳೆ ಹಲವು ಪಟ್ಟು ಹೆಚ್ಚುತ್ತದೆ, ಆ ಮೂರು ನಿಮಿಷದ ಉಳಿತಾಯಕ್ಕೆ ಅರ್ಥ ಬರುತ್ತದೆ. ಹಲವು ರೈಫಲ್‌ಗಳನ್ನು ನೋಡಿಕೊಳ್ಳುವವರಿಗೂ ಅಷ್ಟೇ. ತಿಂಗಳಿಗೊಮ್ಮೆ ಒಂದೇ ರೈಫಲ್ ಹಾರಿಸುವವರಾದರೆ ಒಳ್ಳೆಯ ದ್ರಾವಣ ಮತ್ತು ಚೇಂಬರ್ ಬ್ರಷ್ಷಿಗೆ ಆ ಹಣ ಹಾಕಿ. ಕೊಳ್ಳುವಾಗ ಅಳತೆ ನೋಡಿ: 5.56 ತೋಟೆಯ ಬೋಲ್ಟಿಗೆ ಮಾಡಿದ್ದು .308 ತೋಟೆಯ ದೊಡ್ಡ ಬೋಲ್ಟಿಗೆ ಕೂರುವುದಿಲ್ಲ. ಮತ್ತು ಡ್ರಿಲ್ ಯಂತ್ರವನ್ನು ಕೈಗೆಟುಕದ ಕಡೆ ಇಡಿ.