ಸಂಪಾದಕರ ಉತ್ತರ: ಸಭಾಸೇವಕರನ್ನು ಆರಿಸುವ ಮುನ್ನ

ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: ನಲವತ್ತು ಮನೆಗಳ ಅವರ ಸ್ವತಂತ್ರ ಸಭೆ ಮೊದಲ ಸಲ ಡೀಕನರನ್ನು, ಅಂದರೆ ಸಭಾಸೇವಕರನ್ನು, ನೇಮಿಸಲು ಹೊರಟಿದೆ. ಬೈಬಲ್ ಕಾಲೇಜಿನಲ್ಲಿ ಓದಿದವರೇ ಆಗಬೇಕು ಎಂದು ಯುವಕರು ಹಟ ಹಿಡಿದರೆ, ಕಾಣಿಕೆ ತಟ್ಟೆ ಹಿಡಿಯಲು ಓದೇಕೆ ಎಂದು ಹಿರಿಯರು ಕೇಳುತ್ತಿದ್ದಾರೆ. ಕೂಲಿ ಮಾಡಿ ಬದುಕುವ, ಓದುಬರಹ ಬಾರದ ವಿಧವೆಯೊಬ್ಬರ ಹೆಸರನ್ನು ಕೆಲವರು ಸೂಚಿಸಿದ್ದಾರೆ. ಇದರ ನಡುವೆ ಬೀದರಿನ ಮೆಥೋಡಿಸ್ಟ್ ಬಂಧುವೊಬ್ಬರು ‘ಡೀಕನ್ ಎಂದರೆ ಪಾಸ್ಟರ್ ಆಗುವುದಕ್ಕೆ ಮೊದಲ ಮೆಟ್ಟಿಲು’ ಎಂದು ಹೇಳಿ ಹೋದ ಮೇಲೆ ಗೊಂದಲ ಇನ್ನಷ್ಟು ಬೆಳೆದಿದೆ.

ಕ್ರಿಸ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು.

ತಮ್ಮ ಬಂಧು ಹೇಳಿದ್ದು ಅವರ ಸಭೆಯ ಮಟ್ಟಿಗೆ ಸುಳ್ಳಲ್ಲ. ಮೆಥೋಡಿಸ್ಟ್ ಪರಂಪರೆಯಲ್ಲಿ ಬೋಧಕರಿಗೆ ಮೊದಲು ಡೀಕನ್ ಆಗಿ, ಆಮೇಲೆ ಎಲ್ಡರ್ (ಪೂರ್ಣ ಅಧಿಕಾರದ ಪಾಸ್ಟರ್) ಆಗಿ ಅಭಿಷೇಕವಾಗುವ ರೂಢಿ ಬಹಳ ಹಳೆಯದು. 1784ರ ಕ್ರಿಸ್ಮಸ್ ಹೊತ್ತಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕೂಡಿದ ಮೆಥೋಡಿಸ್ಟ್ ಬೋಧಕರು ಫ್ರಾನ್ಸಿಸ್ ಆಸ್ಬರಿಯವರನ್ನು ಒಂದು ದಿನ ಡೀಕನ್, ಮರುದಿನ ಎಲ್ಡರ್, ಅದರ ಮರುದಿನ ಸೂಪರಿಂಟೆಂಡೆಂಟ್ (ಸಭೆಗಳ ಮೇಲ್ವಿಚಾರಕ) ಆಗಿ ನೇಮಿಸಿದರು. ಒಂದೇ ದಿನದಲ್ಲಿ ದಾಟಿಬಿಡಬಹುದಾದ ಮೆಟ್ಟಿಲಿನ ಮೇಲೆ ನಿಂತು ಯಾರು ಯಾವ ಬಡವರ ಮನೆಯ ಕದ ತಟ್ಟಿಯಾರು ಎಂಬುದು ನಮಗೆ ಆಗಾಗ ಬರುವ ಸಂಶಯ. ಅದೇ ಪರಂಪರೆಯಿಂದ ಬಂದ ಅಮೆರಿಕದ ಯುನೈಟೆಡ್ ಮೆಥೋಡಿಸ್ಟ್ ಸಭೆ 1996ರಲ್ಲಿ ಈ ಮೆಟ್ಟಿಲನ್ನು ತೆಗೆದುಹಾಕಿ, ಡೀಕನ್ ಸೇವೆಯನ್ನು ಜೀವನಪೂರ್ತಿಯ ಪ್ರತ್ಯೇಕ ಸೇವೆಯನ್ನಾಗಿ ಮಾಡಿತು. ಕಥೋಲಿಕರಲ್ಲಿಯೂ ಗುರುದೀಕ್ಷೆಗೆ ಮುನ್ನ ಕನಿಷ್ಠ ಆರು ತಿಂಗಳು ಡೀಕನ್ ಆಗಿರುವ ನಿಯಮವಿದೆ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯ ತೀರ್ಮಾನದಂತೆ 1967ರಲ್ಲಿ ಆರನೆಯ ಪೌಲ್ ಪೋಪರು ಕಾಯಂ ಡೀಕನರ ವ್ಯವಸ್ಥೆಯನ್ನು ಮತ್ತೆ ಜಾರಿಗೆ ತಂದರು. ಮೂವತ್ತೈದು ತುಂಬಿದ ವಿವಾಹಿತ ಪುರುಷನೂ ಹೆಂಡತಿಯ ಒಪ್ಪಿಗೆಯಿದ್ದರೆ, ಮೂರು ವರ್ಷದ ತರಬೇತಿಯ ನಂತರ ಡೀಕನ್ ಆಗಬಹುದು. ಆತ ದೀಕ್ಷಾಸ್ನಾನ ಕೊಡಬಲ್ಲ, ಮದುವೆ ನಡೆಸಬಲ್ಲ, ಪ್ರಸಂಗ ಮಾಡಬಲ್ಲ. ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಬ್ಯಾಪ್ಟಿಸ್ಟ್ ಸಭೆಗಳಲ್ಲಾದರೋ ಡೀಕನರು ಸಾಮಾನ್ಯವಾಗಿ ಸಭೆಯೇ ಆರಿಸಿದ ವಿಶ್ವಾಸಿಗಳು. ತಮ್ಮದು ಸ್ವತಂತ್ರ ಸಭೆಯಾದ್ದರಿಂದ ಈ ಯಾವ ನಿಯಮವೂ ತಮ್ಮನ್ನು ಕಟ್ಟಿಹಾಕುವುದಿಲ್ಲ. ಆದಕಾರಣ ಎಲ್ಲರಿಗೂ ಸಮಾನವಾದ ಮೂಲಕ್ಕೇ ಹೋಗುವುದು ಒಳ್ಳೆಯದು.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ನಾವು ಏಳು ಮಂದಿಯ ಅಭಿಷೇಕದ ಕಥೆಯಾಗಿ ಓದುವುದು ವಾಡಿಕೆ. ಅದು ಶುರುವಾಗುವುದು ಗುಣುಗುಟ್ಟುವಿಕೆಯಿಂದ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯವರೂ ಇಬ್ರಿಯ ಭಾಷೆಯವರೂ ಇದ್ದರು. ದಿನದಿನದ ಹಂಚಿಕೆಯಲ್ಲಿ ತಮ್ಮ ಕಡೆಯ ವಿಧವೆಯರನ್ನು ಕಡೆಗಣಿಸುತ್ತಾರೆಂಬುದು ಗ್ರೀಕ್ ಭಾಷೆಯವರ ದೂರು. ಅಪೊಸ್ತಲರು ಏಳು ಜನರನ್ನು ಆರಿಸಿಕೊಳ್ಳಿರೆಂದು ಸಭೆಗೇ ಹೇಳಿದರು. ಆಯ್ಕೆಯಾದವರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಮತಕ್ಕೆ ಸೇರಿದ್ದವನು. ಹೆಸರೊಂದರಿಂದಲೇ ಮನೆಮಾತನ್ನು ಖಚಿತವಾಗಿ ಹೇಳಲಾಗದು, ನಿಜ. ಆದರೂ ಸಭೆಯು ಉಗ್ರಾಣದ ಕೀಲಿಕೈಯನ್ನು ದೂರು ಕೊಟ್ಟವರ ಕಡೆಗೇ ಒಪ್ಪಿಸಿತೆಂದು ಅನೇಕ ವಿದ್ವಾಂಸರು ಇದನ್ನು ಓದುತ್ತಾರೆ, ನಮಗೂ ಅದೇ ಸರಿಯೆನಿಸುತ್ತದೆ. ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳಿಬರುವ ಬೀದರ್ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಸಭೆಯಲ್ಲಿ ಯಾರ ಮನೆಗೆ ಯಾರೂ ಹೋಗುವುದಿಲ್ಲವೋ ಆ ಮನೆಯ ಕಡೆಯವರೊಬ್ಬರು ಡೀಕನರ ಪಟ್ಟಿಯಲ್ಲಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ಹಿರಿಯರು ಡೀಕನ್ ಕೆಲಸವನ್ನು ತಟ್ಟೆ ಹಿಡಿಯುವುದಕ್ಕೆ ಇಳಿಸಿರುವುದನ್ನೂ ನಾವು ಒಪ್ಪಲಾರೆವು. ಪಂಕ್ತಿಯ ಸೇವೆಗೆ ಆರಿಸಿದ ಸ್ತೆಫನನೇ ಮುಂದೆ ಸಾಕ್ಷಿ ನುಡಿದು ಕಲ್ಲೇಟಿಗೆ ಸತ್ತ. ಫಿಲಿಪ್ಪನೇ ಸಮಾರ್ಯದಲ್ಲಿ ಸಾರಿದ. ಕ್ರಿ.ಶ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯರು ಬರೆದ ಪತ್ರದ ಪ್ರಕಾರ ಆ ನಗರದ ಸಭೆಯಲ್ಲಿ 46 ಮಂದಿ ಪಾದ್ರಿಗಳಿದ್ದರೂ ಡೀಕನರು ಏಳೇ ಮಂದಿ, ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ದೀನರು 1,500ಕ್ಕೂ ಹೆಚ್ಚು. ಅಷ್ಟು ಜನರ ಅನ್ನದ ಲೆಕ್ಕ ಹೊತ್ತವರನ್ನು ಬರೀ ತಟ್ಟೆ ಹಿಡಿಯುವವರೆಂದು ಕರೆಯುವುದು ಹೇಗೆ?

ಇನ್ನು ಹೆಣ್ಣುಮಕ್ಕಳ ವಿಚಾರ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಕೆಂಖ್ರೆ ಸಭೆಯ ಫೊಯಿಬೆಯನ್ನು ಕರೆಯುವುದು ‘ದಿಯಾಕೊನೊಸ್’ ಎಂಬ, ಡೀಕನ್ ಎಂಬುದಕ್ಕೆ ಮೂಲವಾದ ಗ್ರೀಕ್ ಪದದಿಂದಲೇ. ಜರ್ಮನಿಯ ಕೈಸರ್ಸ್ವರ್ತಿನಲ್ಲಿ ಪಾಸ್ಟರ್ ಫ್ಲೀಡ್ನರ್ 1836ರಲ್ಲಿ ತೆರೆದ ಡೀಕನೆಸ್ (ಸ್ತ್ರೀ ಸಭಾಸೇವಕಿ) ಮನೆಯಲ್ಲಿ ಹೆಣ್ಣುಮಕ್ಕಳಿಗೆ ರೋಗಿಗಳ ಆರೈಕೆ ಕಲಿಸುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲಿಯೇ ಕಲಿತವರು. ಎಲ್ಲ ಸಭೆಗಳೂ ಈ ವಿಷಯದಲ್ಲಿ ಒಮ್ಮತದಲ್ಲಿಲ್ಲ, ಕಥೋಲಿಕ ಸಭೆ ಸ್ತ್ರೀಯರಿಗೆ ಡೀಕನ್ ದೀಕ್ಷೆ ಕೊಡುವುದಿಲ್ಲ. ತಮ್ಮ ಸಭೆಗೆ ಅಂಥ ತಡೆ ಇಲ್ಲದಿರುವಾಗ ಕೂಲಿ ಮಾಡುವ ಆ ವಿಧವೆ ತಾಯಿಯ ಹೆಸರನ್ನು ಕೈಬಿಡಲು ನಮಗೆ ಕಾರಣ ಕಾಣುವುದಿಲ್ಲ.

ತರಬೇತಿಯ ಮಾತಿಗೆ ಬರೋಣ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಕಡೆ ವರ್ಷಗಟ್ಟಲೆ ಓದುವುದು ಬೋಧಕರಾಗುವವರಿಗೆ ಬೇಕಾದದ್ದು; ಹೊಲದ ಕೆಲಸ ಬಿಟ್ಟು ಹೋಗಲಾಗದ ಡೀಕನರಿಗೆ ಅದನ್ನೇ ಷರತ್ತಾಗಿಸಿದರೆ ಊರಿಗೆ ಡೀಕನರೇ ಸಿಗಲಾರರು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯ ಸಭಾಸೇವಕರಲ್ಲಿ ಕೇಳುವುದು ಎರಡು ನಾಲಿಗೆ ಇರಬಾರದು, ಕುಡಿತಕ್ಕೆ ಬಿದ್ದಿರಬಾರದು, ಹಣದಾಸೆ ಇರಬಾರದು, ಮನೆಯನ್ನು ನೆಟ್ಟಗೆ ನಡೆಸುತ್ತಿರಬೇಕು ಎಂಬುದನ್ನು. ಮೊದಲು ಪರೀಕ್ಷೆಯಾಗಲಿ, ಆಮೇಲೆ ಸೇವೆ ಎಂದೂ ಅಲ್ಲಿದೆ. ಈ ಪರೀಕ್ಷೆಯನ್ನು ಒಂದು ವರ್ಷದ ಉಮೇದುವಾರಿಯಾಗಿ ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ. ಆ ವರ್ಷ ಡೀಕನರಾಗಲಿರುವವರು ಅನುಭವಸ್ಥ ಉಪದೇಶಿಯೊಬ್ಬರ ಜೊತೆ ರೋಗಿಗಳ ಮನೆಗೆ ಹೋಗಲಿ, ಕೇಳಿದ್ದನ್ನು ಬಾವಿಕಟ್ಟೆಗೆ ತಾರದಿರುವುದನ್ನು ಕಲಿಯಲಿ. ಮಕ್ಕಳು ಹೈದರಾಬಾದಿಗೋ ಪುಣೆಗೋ ಗುಳೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಮುದುಕರಿಗೆ ರೇಷನ್ ತಂದುಕೊಡುವುದು, ವಿಧವಾ ವೇತನಕ್ಕೂ ಸಂಧ್ಯಾ ಸುರಕ್ಷಾಕ್ಕೂ ಅರ್ಜಿ ಹಾಕಿಸುವುದು, ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ವಾರ್ಡಿನವರೆಗೆ ಕರೆದೊಯ್ಯುವುದು, ಇವೆಲ್ಲವೂ ಪಾಠವೇ. ವಾರಕ್ಕೊಮ್ಮೆ ಪಾಸ್ಟರ್ ಕೂಡಿಸಿ ವಾಕ್ಯ ಕಲಿಸಲಿ, ಏಕೆಂದರೆ ಕಷ್ಟದ ಮನೆಯಲ್ಲಿ ಪ್ರಾರ್ಥಿಸಿ ಎಂದು ಕೇಳಿದಾಗ ಡೀಕನ್ ತಡವರಿಸಬಾರದು.

ಹಣದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಬಡವರ ನಿಧಿಯ ಪೆಟ್ಟಿಗೆಗೆ ಎರಡು ಬೀಗ ಇರಲಿ, ಎರಡು ಕೀಲಿಕೈ ಬೇರೆ ಬೇರೆ ಮನೆಯವರ ಬಳಿ ಇರಲಿ, ಎಣಿಸುವಾಗ ಇಬ್ಬರಿಗಿಂತ ಕಡಮೆ ಜನ ಕೂರದಿರಲಿ. ಆ ತಾಯಿಗೆ ಬರೆಯಲು ಬಾರದಿದ್ದರೆ ಲೆಕ್ಕದ ಪುಸ್ತಕವನ್ನು ಯುವಕರಲ್ಲೊಬ್ಬರು ಬರೆಯಲಿ, ತಿಂಗಳ ಕೊನೆಯ ಭಾನುವಾರ ಅದನ್ನು ಆಕೆಯ ಮುಂದೆ ಗಟ್ಟಿಯಾಗಿ ಓದಲಿ. ಯಾರ ಮನೆಗೆ ಎಷ್ಟು ತಲುಪಿತು ಎಂಬುದು ಬರೆದವರಿಗಿಂತ ಆಕೆಗೇ ಚೆನ್ನಾಗಿ ಗೊತ್ತಿರುತ್ತದೆ.

— ಸಂಪಾದಕ